ಗಾಜಿನ ಅಡಿಯ ಪ್ಯಾಕರ್: ಎರಡು ಪೊಟ್ಟಣ ಬಳಸಿದ ಮೇಲೆ

ಕಿಟಕಿಯ ಗಾಜಿನ ಅಡಿಗೆ ಇಡುವ ಸಣ್ಣ ಪ್ಲಾಸ್ಟಿಕ್ ಪಟ್ಟಿಯ ಕತೆ ಇದು. ತ್ರಾಸಿಯಲ್ಲಿ ನಮ್ಮ ಮನೆ ಹೆದ್ದಾರಿ 66ರ ಬದಿಗೇ ಇದೆ. ರಸ್ತೆ ದಾಟಿದರೆ ಕಡಲು. ಮರದ ಕಿಟಕಿ ಮಳೆಗೆ ಉಬ್ಬುತ್ತದೆ, ಅಲ್ಯೂಮಿನಿಯಂ ಉಪ್ಪುಗಾಳಿಗೆ ಮಂಕಾಗುತ್ತದೆ ಎಂದು ಎಲ್ಲ ಕಡೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿದ್ದೆ. ಎರಡನೇ ಮಳೆಗಾಲ ಶುರುವಾದ ವಾರವೇ ಹೆಂಡತಿ ಕರೆದಳು: "ಹ್ವಾಯ್, ಕಿಟ್ಕಿ ಹಾಕುಕೆ ಬತ್ತಿಲ್ಲೆ ಕಾಣಿ." ಹೋಗಿ ನೋಡಿದರೆ ಶಟರಿನ, ಅಂದರೆ ಕಿಟಕಿಯ ತೆರೆಯುವ ಬಾಗಿಲಿನ, ಹ್ಯಾಂಡಲ್ ಬದಿಯ ಕೆಳಮೂಲೆ ಇಳಿದು ಫ್ರೇಮಿಗೆ ಉಜ್ಜುತ್ತಿತ್ತು. ಅಳೆದೆ, 4 ಮಿ.ಮೀ. ಇಳಿದಿತ್ತು. ಎತ್ತಿ ಹಿಡಿದು ದೂಡಿದರೆ ಮಾತ್ರ ಲಾಕ್ ಕೂರುತ್ತಿತ್ತು. ಪಡುವಣದ ಗಾಳಿಯಲ್ಲಿ ಆ ಸಂದಿನಿಂದ ನೀರು ನೇರ ಹಾಸಿಗೆಯ ಮೇಲೆ.

ಕಿಟಕಿ ಹಾಕಿದವರು ಬಂದು ಹಿಂಜ್ ಹೋಗಿದೆ ಎಂದರು. ಹೊಸ ಫ್ರಿಕ್ಷನ್ ಸ್ಟೇ (ಈ ಕಿಟಕಿಗೆ ಬರುವ ಹಿಂಜ್) ಜೋಡಿಗೆ ದುಡ್ಡು ಕೊಟ್ಟೆ. ಎರಡೇ ತಿಂಗಳಲ್ಲಿ ಮತ್ತೆ ಅದೇ ಕತೆ. ಆಗ ನಾನೇ ಬಿಚ್ಚಿ ನೋಡುವುದೆಂದು ನಿರ್ಧರಿಸಿದೆ.

ನಾನು ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ಕೆಲಸ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ, ಆ ಎರಡು ತಿಂಗಳು ನಮಗೆ ಇಂಜಿನ್ ಎತ್ತಿ ಕೂರಿಸುವ ಕಾಲ. ಇಂಜಿನ್ನಿನ ಕಾಲಡಿಗೆ ತೆಳು ತಗಡಿನ ಶಿಮ್ ಕೊಟ್ಟು ಶಾಫ್ಟಿನ ನೇರಕ್ಕೆ ತರುತ್ತೇವೆ. ಅದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ತಿಂದುಹೋಗುತ್ತದೆ. ಹಾಗಾಗಿ ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಡುವ ಬೀಡಿಂಗ್ ಪಟ್ಟಿ ತೆಗೆದು ಗಾಜಿನ ಅಡಿ ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಎರಡು ತುಂಡು ಪ್ಲೈವುಡ್, ಅಷ್ಟೇ. ನೀರು ಕುಡಿದು ಕಪ್ಪಾಗಿ, ಒಂದು ಉಬ್ಬಿ, ಇನ್ನೊಂದು ಕೊಳೆತು ಬೆರಳಿಗೆ ಪುಡಿಯಾಗಿ ಬಂತು. ಉಬ್ಬಿದ್ದು ನೀರು ಹೊರಹೋಗುವ ಕಂಡಿಯ ಮೇಲೆಯೇ ಕೂತಿತ್ತು. ಬದಿಗಳಲ್ಲಿ, ಮೇಲೆ ಏನೂ ಇಲ್ಲ. ಗಾಜು ಚೌಕಟ್ಟಿನೊಳಗೆ ಸಡಿಲವಾಗಿ ನಿಂತಿತ್ತು.

ಅಲ್ಲಿ ಇರಬೇಕಾದದ್ದು ಪ್ಯಾಕರ್. ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿ, 100 ಮಿ.ಮೀ. ಉದ್ದ, ಒಂದೊಂದು ದಪ್ಪಕ್ಕೆ ಒಂದೊಂದು ಬಣ್ಣ. ನಾನು ಎರಡು ಪೊಟ್ಟಣ ತಂದೆ. ಒಂದು ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಿಂದ, ಇನ್ನೊಂದು ಆನ್‌ಲೈನ್‌ನಲ್ಲಿ. ಎರಡರಲ್ಲೂ 1ರಿಂದ 6 ಮಿ.ಮೀ.ವರೆಗೆ ಮಿಶ್ರ ದಪ್ಪ, ಅಗಲ 28 ಮಿ.ಮೀ. ಎರಡೂ ಸೇರಿ ಆ ಫ್ರಿಕ್ಷನ್ ಸ್ಟೇ ಜೋಡಿಗಿಂತ ಅಗ್ಗವಾಯಿತು.

ಇಷ್ಟು ಸಣ್ಣ ಪಟ್ಟಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಹಳೆಯ ಕೊಟ್ಟಿಗೆಯ ಹಲಗೆ ಬಾಗಿಲು ನೆನಪಿಸುತ್ತೇನೆ. ಅದರ ಹಿಂಬದಿಗೆ ಓರೆಯಾಗಿ ಒಂದು ಪಟ್ಟಿ ಹೊಡೆದಿರುತ್ತಾರೆ. ಕೆಳಗಿನ ಹಿಂಜಿನ ಮೂಲೆಯಿಂದ ಮೇಲಿನ ಚಿಲಕದ ಮೂಲೆಗೆ. ಆ ಪಟ್ಟಿ ಇಲ್ಲದಿದ್ದರೆ ಬಾಗಿಲು ಜೋತುಬೀಳುತ್ತದೆ. ಯುಪಿವಿಸಿ ಶಟರಿನಲ್ಲಿ ಆ ಓರೆಪಟ್ಟಿಯ ಕೆಲಸವನ್ನು ಗಾಜೇ ಮಾಡಬೇಕು. ಗಾಜು ಬಾಗುವುದಿಲ್ಲ, ಪ್ಲಾಸ್ಟಿಕ್ ಚೌಕಟ್ಟು ಬಾಗುತ್ತದೆ. ಹಿಂಜಿನ ಬದಿಯ ಕೆಳಮೂಲೆಯಲ್ಲಿ ಗಾಜಿನ ಅಡಿಗೊಂದು, ಪಕ್ಕಕ್ಕೊಂದು ಪ್ಯಾಕರ್. ಹ್ಯಾಂಡಲ್ ಬದಿಯ ಮೇಲ್ಮೂಲೆಯಲ್ಲಿ ಮೇಲೊಂದು, ಪಕ್ಕಕ್ಕೊಂದು. ಆಗ ಗಾಜಿನ ತೂಕ ಹಿಂಜಿನ ಕಡೆಗೆ ಇಳಿಯುತ್ತದೆ, ಹ್ಯಾಂಡಲ್ ಬದಿ ಮೇಲೆದ್ದು ನಿಲ್ಲುತ್ತದೆ. ತೂಕವೂ ಕಡಿಮೆಯಲ್ಲ. ಗಾಜು ಪ್ರತಿ ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. ನಮ್ಮ ಶಟರಿನ 5 ಮಿ.ಮೀ. ಟಫನ್ಡ್ ಗಾಜು ಎಂಟು ಕೆ.ಜಿ. ಹತ್ತಿರ. ಆ ಎಂಟು ಕೆ.ಜಿ. ತಪ್ಪು ಜಾಗದಲ್ಲಿ ಕೂತು ವರ್ಷವಿಡೀ ಜಗ್ಗುತ್ತಿದ್ದರೆ ಯಾವ ಹಿಂಜ್ ತಾಳುತ್ತದೆ?

ಮೊದಲು ಕೆಳಮೂಲೆಗೆ 4 ಮಿ.ಮೀ. ಕೊಟ್ಟೆ. ಎದುರು ಮೇಲ್ಮೂಲೆಗೆ 6 ತುರುಕಿದಾಗ ಶಟರಿನ ಉದ್ದದ ಬದಿ ಹೊರಗೆ ಉಬ್ಬಿತು. ತೆಗೆದು 4 ಹಾಕಿದೆ, ಸರಿಯಾಯಿತು. ಸುತ್ತಿಗೆ ಮುಟ್ಟಬೇಡಿ. ಗಾಜನ್ನು ಮೀಟಿ ಎತ್ತಲು ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟು ಸಿಗುತ್ತದೆ, ಅದರಿಂದ ಎತ್ತಿ ಪಟ್ಟಿ ಜಾರಿಸಬೇಕು. ಟಫನ್ಡ್ ಗಾಜಿನ ನಡುವಿಗೆ ಗುದ್ದಿದರೂ ತಡೆಯಬಹುದು, ಅಂಚಿಗೆ ಒಂದು ಏಟು ಬಿದ್ದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಬೀಡಿಂಗ್ ಹಾಕುವ ಮೊದಲೇ ಮೂಲೆಯಿಂದ ಎದುರು ಮೂಲೆಗೆ ಎರಡೂ ಓರೆ ಅಳತೆ ಹಿಡಿದೆ, ವ್ಯತ್ಯಾಸ 1 ಮಿ.ಮೀ. ಬಂತು. ಗಾಜಿಗೆ ಕೈ ಆನಿಸಿ ಮೆಲ್ಲಗೆ ಮುಚ್ಚಿದೆ. ಒಂದೇ ಬೆರಳಿಗೆ ಲಾಕ್ ಕೂತಿತು. ಆ ಕ್ಷಣದ ಸಮಾಧಾನ ಬೋಟು ಮೊದಲ ಸಲ ಅಲುಗದೆ ಸ್ಟಾರ್ಟ್ ಆದಾಗ ಆಗುವಂಥದ್ದೇ.

ಸುತ್ತಲೂ ಬಿಗಿಯಾಗಿ ತುಂಬಿಸಿಬಿಡುವ ಆಸೆ ಬರುತ್ತದೆ, ಬೇಡ. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ. ಒಂದೂವರೆ ಮೀಟರ್ ಪಟ್ಟಿ 25 ಡಿಗ್ರಿ ಬಿಸಿ ಏರಿದರೆ ಸುಮಾರು ಎರಡೂವರೆ ಮಿ.ಮೀ. ಬೆಳೆಯುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ನಮ್ಮ ಪಡುವಣ ಗೋಡೆಯ ಕಿಟಕಿ ಮುಟ್ಟಿದರೆ ಇದು ಅರ್ಥವಾಗುತ್ತದೆ. ಉಳಿದ ಜಾಗದಲ್ಲಿ ಗಾಜಿಗೂ ಚೌಕಟ್ಟಿಗೂ ಸಂದು ಇರಲೇಬೇಕು.

ಈಗ ಪೊಟ್ಟಣಗಳ ವಿಷಯ. ಮಂಗಳೂರಿನದ್ದು ಒಳ್ಳೆಯದು. ವರ್ನಿಯರ್ ಹಿಡಿದು ಹತ್ತು ಪಟ್ಟಿ ಅಳೆದೆ, ಬರೆದ ದಪ್ಪಕ್ಕೆ ಸರಿಯಾಗಿದ್ದವು. ಮೇಲ್ಮೈಯಲ್ಲಿ ಗೀರು ಇರುವುದರಿಂದ ಒಂದರ ಮೇಲೊಂದು ಇಟ್ಟರೂ ಜಾರುವುದಿಲ್ಲ. ಅಡಿಯಲ್ಲಿ ತೋಡು ಇದೆ, ನೀರು ಹರಿದುಹೋಗುತ್ತದೆ. ಕೂರಿಸಿದ ಮೇಲೆ ಒಂದು ಚೊಂಬು ನೀರು ಸುರಿದು ಹೊರಗಿನ ಕಂಡಿಯಿಂದ ಬರುವುದನ್ನು ನೋಡಿಯೇ ಬೀಡಿಂಗ್ ಹೊಡೆದೆ. ಇದಕ್ಕೆ ಐದರಲ್ಲಿ ನಾಲ್ಕೂವರೆ.

ಆನ್‌ಲೈನ್ ಪೊಟ್ಟಣಕ್ಕೆ ಮೂರಕ್ಕಿಂತ ಹೆಚ್ಚು ಕೊಡಲಾರೆ. ಪಟ್ಟಿಗಳು ನುಣುಪು, ಎರಡನ್ನು ಸೇರಿಸಿದರೆ ಒಂದು ಜಾರಿ ಒಳಗೆ ಹೋಗುತ್ತದೆ. ಬಣ್ಣದ ಲೆಕ್ಕವೂ ಬೇರೆ. ಅದರಲ್ಲಿ ಕೆಂಪು 3 ಮಿ.ಮೀ., ಮಂಗಳೂರಿನದ್ದರಲ್ಲಿ ಕೆಂಪು 2. ಎರಡು ಕಂಪನಿಯ ಮಾಲು ಒಂದೇ ಡಬ್ಬಿಗೆ ಹಾಕಿದರೆ ಬಣ್ಣ ನಂಬಿ ಮೋಸಹೋಗುತ್ತೀರಿ. ಎರಡರ ಮೇಲೂ ಬಳಸುವ ರೀತಿಯ ಒಂದು ಚಿತ್ರವಿಲ್ಲ. ನಾಲ್ಕು ಗೆರೆಯ ಚಿತ್ರ ಹಾಕಿದ್ದರೆ ಎಷ್ಟೋ ಮನೆಯ ಕಿಟಕಿ ಉಳಿಯುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅಗಲದ ಬಗ್ಗೆ ಒಂದು ಎಚ್ಚರಿಕೆ. 28 ಮಿ.ಮೀ. ಅಗಲ ಜೋಡಿ ಗಾಜಿಗೆ ಮಾಡಿದ್ದು. ಒಂಟಿ ಗಾಜಿನ ಶಟರಿನಲ್ಲಿ ಅದನ್ನು ಹಾಗೇ ಇಟ್ಟರೆ ಬೀಡಿಂಗ್ ಕೂರುವ ತೋಡಿನ ಮೇಲೆ ಚಾಚುತ್ತದೆ, ಬೀಡಿಂಗ್ ಲಾಕ್ ಆಗುವುದಿಲ್ಲ. ನಾನು ಒಂದೊಂದನ್ನೂ ಕಟ್ಟರ್‌ನಿಂದ ಉದ್ದಕ್ಕೆ ಕತ್ತರಿಸಿದೆ. ಕೊಳ್ಳುವಾಗಲೇ ಕಡಿಮೆ ಅಗಲದ್ದು ಕೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಜೋಡಿ ಗಾಜಿಗೆ ಮಾತ್ರ ಅಗಲ ಕಡಿಮೆಯಾಗಲೇಬಾರದು. ಹೆದ್ದಾರಿಯ ಲಾರಿ ಸದ್ದಿಗೆಂದು ಚಾವಡಿಯಲ್ಲಿ ತೆರೆಯದ ದೊಡ್ಡ ಕಿಟಕಿ ಹಾಕಿಸಿದ್ದೇವೆ. 5 ಮಿ.ಮೀ. ಗಾಜು, ನಡುವೆ 12 ಮಿ.ಮೀ. ಜಾಗ, ಮತ್ತೆ 5, ಒಟ್ಟು 22. ತೂಕ ನಲವತ್ತು ಕೆ.ಜಿ. ದಾಟುತ್ತದೆ. ಅದರ ಅಡಿಯಲ್ಲಿದ್ದ ಮರದ ತುಂಡಿನ ಅಗಲ 15 ಮಿ.ಮೀ. ಹೊರಗಾಜು ಮಾತ್ರ ಅದರ ಮೇಲೆ ಕೂತು ಒಳಗಾಜು ಬರೀ ಅಂಟಿನ ಬಲದಲ್ಲಿ ನೇತಾಡುತ್ತಿತ್ತು. ಅಂಟು ಎಷ್ಟು ದಿನ ಹಿಡಿದೀತು? ಬಲಮೂಲೆಯಲ್ಲಿ ಬಿಟ್ಟಿತು, ಎರಡು ಗಾಜಿನ ನಡುವೆ ಹಬೆ ಕಟ್ಟಿತು. ಒರೆಸೋಣವೆಂದರೆ ಕೈ ಹೋಗದ ಜಾಗ. ಅದಕ್ಕೆ ಪ್ಯಾಕರ್ ಮದ್ದಲ್ಲ, ಇಡೀ ಜೋಡಿ ಗಾಜನ್ನೇ ಹೊಸದಾಗಿ ಮಾಡಿಸಬೇಕಾಯಿತು. ಹೊಸದನ್ನು ನಾವು ಮೂವರು ಹಿಡಿದು, ಎರಡೂ ಮೂಲೆಯಿಂದ ಒಂದು ಗೇಣು ಒಳಗೆ ಇಟ್ಟ 5 ಮಿ.ಮೀ. ಪ್ಯಾಕರ್‌ಗಳ ಮೇಲೆ ಕೂರಿಸಿದೆವು. 28ರ ಅಗಲ ಅಲ್ಲಿ ಸರಿಯಾಗಿ ಒದಗಿತು, ಎರಡೂ ಗಾಜಿನ ಪಾದ ಪೂರ್ತಿ ಪಟ್ಟಿಯ ಮೇಲಿದೆ. ತೆರೆಯದ ಕಿಟಕಿಗೆ ಓರೆ ಲೆಕ್ಕ ಬೇಕಿಲ್ಲ, ಅಡಿಯಲ್ಲಿ ಎರಡು ಗಟ್ಟಿ, ಬದಿಯಲ್ಲಿ ಗಾಜು ಸರಿಯದಷ್ಟು ಸಾಕು.

ಹೊಸ ಕಿಟಕಿ ಹಾಕಿಸುವವರು ಗಾಜು ಕೂರಿಸುವ ದಿನ ಮನೆಯಲ್ಲಿರಿ. ಬೀಡಿಂಗ್ ಹೊಡೆಯುವ ಮೊದಲು, "ಅಣ್ಣ, ಅಡಿಗೆ ಎಂತ ಇಟ್ಟದ್ದು, ಒಮ್ಮೆ ತೋರ್ಸಿ" ಎಂದು ಕೇಳಿ. ಪ್ಲೈವುಡ್ ಚೂರು, ಹಳೆ ಟ್ಯೂಬಿನ ರಬ್ಬರ್ ಕಂಡರೆ ಆಗಲೇ ತೆಗೆಸಿ. ಬೀಡಿಂಗ್ ಕೂತ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ.

ಮಲಗುವ ಕೋಣೆಯ ಕಿಟಕಿ ಈ ಮಳೆಗಾಲ ಪೂರ್ತಿ ಉಜ್ಜಲಿಲ್ಲ. ಹಳೆಯ ಫ್ರಿಕ್ಷನ್ ಸ್ಟೇಯನ್ನೂ ಒರೆಸಿ ಪರೀಕ್ಷಿಸಿದೆ, ಅದರಲ್ಲಿ ದೋಷವೇ ಇರಲಿಲ್ಲ, ಎಣ್ಣೆ ಹಚ್ಚಿ ಕಟ್ಟಿಟ್ಟಿದ್ದೇನೆ. ಡಬ್ಬಿಯಲ್ಲಿ ಈಗ ಉಳಿದಿರುವುದು 1 ಮತ್ತು 6 ಮಿ.ಮೀ. ಮಾತ್ರ. ಹೆಚ್ಚು ಖರ್ಚಾಗುವುದು 3 ಮತ್ತು 4. ಅಡುಗೆಮನೆಯ ಎರಡು ಶಟರ್ ಇನ್ನೂ ಬಾಕಿ, ಅವಕ್ಕೆ ಈ ಸಲ ಮಿಶ್ರ ಪೊಟ್ಟಣ ಬಿಟ್ಟು 3ರದ್ದೂ 4ರದ್ದೂ ಬೇರೆ ಬೇರೆ ತರುತ್ತೇನೆ, ಅಗಲ ಕಡಿಮೆಯದ್ದು.