63.5 ಕಿಲೋಗೆ ಇಳಿಯಲು ನಾನು ಹಿಡಿದ ದಾರಿಗಳು: ಒಂದು ಹೋಲಿಕೆ

ಯಾವ ಪಥ್ಯವೂ ಇಲ್ಲದೆ ಮನೆಯ ಊಟ ಉಂಡುಕೊಂಡು ವಾರಕ್ಕೆ ಆರು ದಿನ ಬಾಕ್ಸಿಂಗ್ ಅಭ್ಯಾಸ ಮಾಡುವಾಗ ನನ್ನ ತೂಕ 66.5ರಿಂದ 67 ಕಿಲೋ ನಡುವೆ ನಿಲ್ಲುತ್ತದೆ. 2021ರಲ್ಲಿ ಜಾರಿಗೆ ಬಂದ ಪುರುಷರ ಹದಿಮೂರು ತೂಕ ವಿಭಾಗಗಳಲ್ಲಿ 63.5 ಕಿಲೋ ಒಂದಾಗಿದ್ದರೆ, ಅದರ ಮೇಲಿನದು 67 ಕಿಲೋ ಆಗಿತ್ತು. ಐದಡಿ ಆರಂಗುಲ ಎತ್ತರದ ನಾನು 63.5ರಲ್ಲಿ ಆಡಿದರೆ ಎದುರಾಳಿಯ ತೋಳು ಹೆಚ್ಚುಕಡಿಮೆ ನನ್ನ ತೋಳಿನಷ್ಟೇ ಉದ್ದವಿರುತ್ತದೆ. 67ರಲ್ಲಿ ಆಡಿದರೆ ಅವನ ಜಾಬ್ (ಮುಂದಿನ ಕೈಯ ನೇರ ಹೊಡೆತ) ನನ್ನ ಮೂಗಿಗೆ ತಾಗುವ ದೂರದಲ್ಲಿ ನನ್ನ ಜಾಬ್ ಗಾಳಿಯನ್ನು ಗುದ್ದುತ್ತಿರುತ್ತದೆ. ಈ ಲೆಕ್ಕವನ್ನು ನಂಬಿ 2022ರ ಡಿಸೆಂಬರಿನಿಂದ 2024ರ ಡಿಸೆಂಬರಿನವರೆಗೆ ಮೂರು ಬಾರಿ ಮೂರು ಬೇರೆ ದಾರಿಗಳಲ್ಲಿ ತೂಕ ಇಳಿಸಿದೆ, ನಡುವೆ ಒಮ್ಮೆ ಇಳಿಸದೆಯೇ ಮೇಲಿನ ವಿಭಾಗದಲ್ಲಿ ಆಡಿದೆ.

ಗೆಲುವು ಸೋಲುಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೋಲಿಕೆ ದಾರಿ ತಪ್ಪುತ್ತದೆ, ಏಕೆಂದರೆ ಸೊರಗಿ ಆಡಿದ ಒಂದು ಪಂದ್ಯವನ್ನು ನಾನು ಗೆದ್ದಿದ್ದೇನೆ, ಚೆನ್ನಾಗಿ ಸಿದ್ಧನಾಗಿ ಆಡಿದ ಒಂದನ್ನು ಸೋತಿದ್ದೇನೆ. ಆದ್ದರಿಂದ ಪ್ರತಿ ಸಲವೂ ತೂಕ ಕೊಡುವ, ಅಂದರೆ ಅಧಿಕಾರಿಗಳ ಮುಂದೆ ಮಾಪಕ ಹತ್ತುವ, ದಿನಕ್ಕೆ ಎರಡು ದಿನ ಮೊದಲು ಒಂದೇ ಪರೀಕ್ಷೆಯನ್ನು ಮಾಡಿಕೊಂಡೆ: ಪಂದ್ಯದಂತೆಯೇ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದು ನಿಮಿಷ ವಿರಾಮ, ಎದುರಿಗೆ ತೂಗುಹಾಕಿದ ಭಾರದ ಬ್ಯಾಗ್. ಮೊಬೈಲಿನಲ್ಲಿ ಚಿತ್ರೀಕರಿಸಿ ಮೂರನೆಯ ಸುತ್ತಿನ ಹೊಡೆತಗಳನ್ನು ಮಾತ್ರ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟೆ. ತೂಕದ ಚಿಂತೆಯಿಲ್ಲದ ದಿನಗಳಲ್ಲಿ ಆ ಸಂಖ್ಯೆ 190ರ ಆಸುಪಾಸಿನಲ್ಲಿರುತ್ತದೆ. ಜೊತೆಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಮೂರು ಕಿಲೋಮೀಟರ್ ಓಟದ ಸಮಯವನ್ನೂ ಬರೆದಿಡುತ್ತಿದ್ದೆ.

ಹೋಲಿಕೆಗೆ ಮೊದಲು ಒಂದು ನಿಯಮವನ್ನು ತಿಳಿಸಲೇಬೇಕು, ಏಕೆಂದರೆ ನನ್ನ ಮೊದಲ ತಪ್ಪು ಹುಟ್ಟಿದ್ದೇ ಅದನ್ನು ಅರಿಯದ್ದರಿಂದ. ವೃತ್ತಿಪರ ಬಾಕ್ಸರುಗಳು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಕ ಕೊಡುತ್ತಾರೆ. ಬತ್ತಿದ ದೇಹಕ್ಕೆ ನೀರು, ಅನ್ನ, ನಿದ್ದೆ ಮೂರನ್ನೂ ಮರಳಿಸಲು ಅವರಿಗೆ ಒಂದು ಇಡೀ ದಿನ ಸಿಗುತ್ತದೆ. ನಮ್ಮ ಹವ್ಯಾಸಿ ಬಾಕ್ಸಿಂಗಿನಲ್ಲಿ ಆಡುವ ದಿನದ ಬೆಳಿಗ್ಗೆಯೇ ತೂಕ ನೋಡುತ್ತಾರೆ, ತೂಕ ಮುಗಿದು ಮೂರು ಗಂಟೆ ಕಳೆದರೆ ಪಂದ್ಯ ಶುರುವಾಗಬಹುದು. ಮೊಬೈಲಿನಲ್ಲಿ ಕಾಣುವ ತೂಕ ಇಳಿಸುವ ವೀಡಿಯೊಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆಯವರವು. ನಾನು ಅವನ್ನು ನೋಡಿ ಕಲಿತು ಎರಡನೆಯ ಬಗೆಯ ಪಂದ್ಯಕ್ಕೆ ಹೋದೆ.

ಮೊದಲ ದಾರಿ ಬೆವರಿನದು. 2022ರ ಡಿಸೆಂಬರಿನಲ್ಲಿ, ತೂಕಕ್ಕೆ ಮೂರು ದಿನ ಇರುವಾಗ 66.8 ಕಿಲೋ ಇದ್ದೆ. ಹಾಸನದ ಮಾಗಿಯ ಚಳಿಯಲ್ಲಿ ಬೆವರು ಬೇಗ ಬರುವುದಿಲ್ಲ. ಹಾಗಾಗಿ ಒಳಗೆ ಪ್ಲಾಸ್ಟಿಕ್ ಮಳೆಯಂಗಿ, ಹೊರಗೆ ಎರಡು ಸ್ವೆಟರ್ ತೊಟ್ಟು ಕ್ರೀಡಾಂಗಣವನ್ನು ಸುತ್ತಿದೆ, ನೀರನ್ನು ದಿನಕ್ಕೆ ಎರಡು ಲೋಟಕ್ಕೆ ಇಳಿಸಿದೆ, ಕೊನೆಯ ರಾತ್ರಿ ಚ್ಯೂಯಿಂಗ್ ಗಮ್ ಜಗಿದು ಉಗುಳುತ್ತಾ ಕುಳಿತೆ. ಮಾಪಕ 63.4 ತೋರಿಸಿತು. ತೂಕದ ಮಟ್ಟಿಗೆ ಈ ದಾರಿ ಎಂದೂ ಕೈಕೊಡುವುದಿಲ್ಲ, ಅದರ ಆಕರ್ಷಣೆಯೂ ಅಷ್ಟೇ. ಆದರೆ ಬೆವರಾಗಿ ಹೋಗುವ ನೀರು ರಕ್ತದ ದ್ರವಭಾಗವನ್ನೂ ಕುಗ್ಗಿಸುತ್ತದೆ. ಅಷ್ಟೇ ರಕ್ತವನ್ನು ಸ್ನಾಯುಗಳಿಗೆ ತಲುಪಿಸಲು ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ದೇಹತೂಕದ ಶೇಕಡಾ ಎರಡರಷ್ಟು ನೀರು ಕಳೆದರೇ ದಮ್ಮಿನ ಕೆಲಸ ಹದಗೆಡಲು ಸಾಕೆನ್ನುತ್ತಾರೆ, ನಾನು ಕಳೆದದ್ದು ಶೇಕಡಾ ಐದು. ಎರಡು ದಿನ ಮೊದಲಿನ ಬ್ಯಾಗ್ ಪರೀಕ್ಷೆಯಲ್ಲಿ, ಅಂದರೆ ಇನ್ನೂ ಒಂದೂವರೆ ಕಿಲೋ ಮಾತ್ರ ಇಳಿದಿದ್ದಾಗಲೇ, ಮೂರನೆಯ ಸುತ್ತಿನ ಸಂಖ್ಯೆ 128.

ತೂಕ ಕೊಟ್ಟ ನಂತರದ ಕಥೆ ಇನ್ನೂ ಕೆಟ್ಟದು. ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವ ಕುಡಿಯಬೇಕು ಎಂಬುದು ರೂಢಿಯ ಲೆಕ್ಕ. ಹಾಗೆ ನೋಡಿದರೆ ನಾನು ನಾಲ್ಕು ಲೀಟರಿಗಿಂತ ಹೆಚ್ಚು ಕುಡಿಯಬೇಕಿತ್ತು, ಆದರೆ ಇದ್ದದ್ದು ನಾಲ್ಕು ಗಂಟೆ. ಅರಸೀಕೆರೆಯ ಗೆಳೆಯ ತಂದುಕೊಟ್ಟ ಎಳನೀರನ್ನೇ ಸಾಲಾಗಿ ಕುಡಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಆದರೆ ಬೆವರಿನಲ್ಲಿ ಹೋದ ಸೋಡಿಯಂ ಕಡಿಮೆ; ನೀರನ್ನು ದೇಹದಲ್ಲಿ ಹಿಡಿದಿಡುವುದು ಸೋಡಿಯಂ ಆದ್ದರಿಂದ ಕುಡಿದುದರಲ್ಲಿ ಬಹುಪಾಲು ಶೌಚಾಲಯದ ಪಾಲಾಯಿತು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಸಾಮಾನ್ಯ ಓಆರ್‌ಎಸ್ ಪೊಟ್ಟಣವೇ ಇದಕ್ಕಿಂತ ಮೇಲಾಗಿತ್ತು. ರಿಂಗಿಗೆ ಹತ್ತುವಾಗ ಹೊಟ್ಟೆಯಲ್ಲಿ ನೀರು ಕುಲುಕುತ್ತಿತ್ತು, ಬಾಯಿ ಮಾತ್ರ ಒಣಗಿತ್ತು. ಎರಡನೆಯ ಸುತ್ತಿನ ಅರ್ಧದಲ್ಲಿ ನನ್ನ ಎಡಗೈ ಗಲ್ಲದಿಂದ ಎದೆಗೆ ಇಳಿಯಿತು, ಪಂದ್ಯವೂ ಅದರ ಜೊತೆಗೇ ಇಳಿಯಿತು.

ಈ ದಾರಿಯನ್ನು ನಾನು ಕೇವಲ ಕೆಳಗಿನ ಸ್ಥಾನದಲ್ಲಿಟ್ಟು ಸುಮ್ಮನಾಗುವುದಿಲ್ಲ, ಪಟ್ಟಿಯಿಂದಲೇ ತೆಗೆಯುತ್ತೇನೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ರಬ್ಬರ್ ಅಂಗಿ ತೊಟ್ಟು ಬೆವರಿಳಿಸುತ್ತಲೇ ಪ್ರಾಣ ಬಿಟ್ಟರು, ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಅಂಥ ಅಂಗಿಗಳನ್ನೂ ಬಿಸಿಗಾಳಿಯ ಸೌನಾ ಕೋಣೆಗಳನ್ನೂ ನಿಷೇಧಿಸಿದರು. ಮೂತ್ರ ಹೆಚ್ಚಿಸುವ ಮಾತ್ರೆಗಳ ಸುದ್ದಿಯೂ ಅಭ್ಯಾಸದ ಕೋಣೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅವು ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿವೆ, ಹಾಗಾಗಿ ಅವನ್ನು ಪರೀಕ್ಷಿಸಿ ನೋಡುವ ಮಾತೇ ಇಲ್ಲ.

ಎರಡನೆಯದು ಮುದ್ದೆ, ಅನ್ನ ಎರಡನ್ನೂ ಬಿಡುವ ದಾರಿ. 2023ರಲ್ಲಿ ಪಂದ್ಯಕ್ಕೆ ಎರಡು ವಾರ ಇರುವಾಗ ಮುದ್ದೆ, ಅನ್ನ, ರೊಟ್ಟಿ, ಬಾಳೆಹಣ್ಣು ಎಲ್ಲವನ್ನೂ ನಿಲ್ಲಿಸಿ ಮೊಟ್ಟೆ, ಕೋಳಿ, ಸೊಪ್ಪು, ಮಜ್ಜಿಗೆಯ ಮೇಲೆ ಇದ್ದೆ. "ಮುದ್ದೆ ಬಿಟ್ಟು ಯಾರ ಜೊತೆ ಗುದ್ದಾಡಕ್ಕೆ ಹೋಯ್ತೀಯ ಮಗ?" ಎಂದು ಅಮ್ಮ ಕೇಳಿದ್ದನ್ನು ಆಗ ನಕ್ಕು ತಳ್ಳಿಹಾಕಿದೆ. ಮೊದಲ ನಾಲ್ಕೇ ದಿನಗಳಲ್ಲಿ ಸುಮಾರು ಎರಡು ಕಿಲೋ ಹೋದಾಗ ಕೊಬ್ಬು ಕರಗುತ್ತಿದೆ ಎಂದು ಬೀಗಿದ್ದೂ ಉಂಟು. ಅಸಲಿಗೆ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ನಾಲ್ಕೈದು ನೂರು ಗ್ರಾಂ ಗ್ಲೈಕೋಜನ್, ಅಂದರೆ ಅನ್ನ ಮುದ್ದೆಯ ಪಿಷ್ಟದಿಂದ ದೇಹ ಕೂಡಿಟ್ಟ ಸಕ್ಕರೆ, ಸಂಗ್ರಹವಿರುತ್ತದೆ, ಪ್ರತಿ ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ಮುದ್ದೆ ನಿಂತೊಡನೆ ಮೊದಲು ಖಾಲಿಯಾಗುವುದು ಆ ಕಣಜ. ಕೊಬ್ಬಿನ ಲೆಕ್ಕ ಹಿಡಿದರೆ ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೇಕು, ಅಷ್ಟನ್ನು ನಾಲ್ಕು ದಿನದಲ್ಲಿ ಎರಡು ಪಟ್ಟು ಮಾಡುವುದು ಯಾವ ಊಟ ಬಿಟ್ಟರೂ ಆಗದ ಮಾತು.

ಈ ದಾರಿ ಮೋಸ ಮಾಡುವುದು ಓಟದಲ್ಲಿ. ಮೂರು ಕಿಲೋಮೀಟರ್ ಓಟದ ಸಮಯ ಹತ್ತು ಸೆಕೆಂಡ್ ಮಾತ್ರ ಹೆಚ್ಚಿತ್ತು, ಹಗುರಾದ ದೇಹದಿಂದ ಸ್ಕಿಪ್ಪಿಂಗ್ ಇನ್ನೂ ಸಲೀಸಾಗಿತ್ತು, ಹಾಗಾಗಿ ಅಭ್ಯಾಸಕ್ಕೆ ಧಕ್ಕೆಯಿಲ್ಲ ಎಂದೇ ಭಾವಿಸಿದ್ದೆ. ಸಮವೇಗದ ಓಟವನ್ನು ದೇಹ ಒಂದು ಮಟ್ಟಿಗೆ ಕೊಬ್ಬಿನಿಂದಲೂ ನಿಭಾಯಿಸಬಲ್ಲದು. ಆದರೆ ಎಂಟು ಹತ್ತು ಹೊಡೆತಗಳನ್ನು ಒಂದೇ ಉಸಿರಿಗೆ ಸಿಡಿಸಿ, ಹಿಂದೆ ಸರಿದು, ಮತ್ತೆ ನುಗ್ಗುವ ಕೆಲಸವನ್ನು ಸುತ್ತಿನುದ್ದಕ್ಕೂ ಮಾಡಲು ಮುಖ್ಯವಾಗಿ ಗ್ಲೈಕೋಜನ್ನೇ ಬೇಕು. ಬ್ಯಾಗಿನ ಮೂರನೆಯ ಸುತ್ತಿನ ಸಂಖ್ಯೆ 151ಕ್ಕೆ ಬಂದು ನಿಂತಿತು. ಸ್ಪಾರಿಂಗಿನಲ್ಲಿ (ಜೊತೆಗಾರನೊಡನೆ ಅಭ್ಯಾಸದ ಗುದ್ದಾಟದಲ್ಲಿ) ಹೊಡೆತ ಬರುವುದು ಕಾಣುತ್ತಿತ್ತು, ತಲೆ ಸರಿಯುವುದು ತಡವಾಗುತ್ತಿತ್ತು. ರಾತ್ರಿ ನಿದ್ದೆಯೂ ಸರಿಯಿರಲಿಲ್ಲ, ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿತ್ತು. 63.3ರಲ್ಲಿ ಬಾಯಾರಿಕೆಯಿಲ್ಲದೆ ತೂಕ ಕೊಟ್ಟು, ಇಡ್ಲಿ ತಿಂದು ರಿಂಗಿಗೆ ಹೋಗಿ ಗೆದ್ದೆನಾದರೂ, ಎದುರಿಗಿದ್ದವನು ಹಿಂದಿನ ರಾತ್ರಿ ನನ್ನ ಮೊದಲ ದಾರಿಯನ್ನೇ ಹಿಡಿದಿದ್ದ ಎಂಬುದು ಅವನ ಒಣಗಿದ ತುಟಿಯಲ್ಲಿ ಕಾಣುತ್ತಿತ್ತು. ಖಾಲಿಯಾದ ಗ್ಲೈಕೋಜನ್ ಪೂರ್ತಿ ತುಂಬಲು ಒಂದು ದಿನವೇ ಬೇಕಾಗುವುದರಿಂದ, ಆಡುವ ದಿನವೇ ತೂಕ ಕೊಡುವವನಿಗೆ ಬೆಳಗಿನ ಇಡ್ಲಿ ಮೂರನೆಯ ಸುತ್ತಿನ ಹೊತ್ತಿಗೆ ಒದಗುವುದು ಅಲ್ಪ.

2024ರ ಆರಂಭದಲ್ಲಿ ಏನನ್ನೂ ಇಳಿಸದೆ 67ರ ವಿಭಾಗದಲ್ಲಿ ಆಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಗಿನ ಸಂಖ್ಯೆ 194, ಸ್ಪಾರಿಂಗ್ ಒಂದು ದಿನವೂ ತಪ್ಪಲಿಲ್ಲ, ಮನೆಯಲ್ಲಿ ಜಗಳವಿಲ್ಲ. ಎದುರಾಳಿ ನನಗಿಂತ ಒಂದು ಗೇಣು ಎತ್ತರವಿದ್ದ, ಮೂರು ಸುತ್ತೂ ನನ್ನನ್ನು ಜಾಬ್‌ನ ತುದಿಯಲ್ಲಿ ನಿಲ್ಲಿಸಿ ಅಂಕ ಎತ್ತಿದ. ದಣಿಯದೆ ಸೋತೆ. ಮೊದಲ ವರ್ಷದ ಹುಡುಗರಿಗೆ, ಅದರಲ್ಲೂ ಇನ್ನೂ ಬೆಳೆಯುತ್ತಿರುವವರಿಗೆ, ನಾನು ಸೂಚಿಸುವುದು ಇದೊಂದನ್ನೇ.

ಕೊನೆಯದು ನಿಧಾನದ ದಾರಿ. 2024ರ ಡಿಸೆಂಬರಿನ ಪಂದ್ಯಕ್ಕೆ ಎಂಟು ವಾರ ಮೊದಲೇ ಶುರುಮಾಡಿ ವಾರಕ್ಕೆ ಮುನ್ನೂರು ಗ್ರಾಂ ಮಾತ್ರ ಇಳಿಸುವ ಗುರಿ ಇಟ್ಟುಕೊಂಡೆ. ಅದಕ್ಕೆ ದಿನಕ್ಕೆ ಸುಮಾರು 330 ಕ್ಯಾಲೊರಿ ಕೊರತೆ ಸಾಕು. ಅದು ಎಲ್ಲಿಂದ ಬರಬೇಕೆಂದು ಹುಡುಕಿದಾಗ ಸಿಕ್ಕಿದ್ದು ಮುದ್ದೆಯಲ್ಲಲ್ಲ, ಎಣ್ಣೆಯಲ್ಲಿ. ದೊಡ್ಡ ಚಮಚ ಒಂದರ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ, ನಮ್ಮ ಮನೆಯ ಒಗ್ಗರಣೆ, ಪಲ್ಯ, ಸಂಜೆಯ ಬೋಂಡಾಗಳ ನಡುವೆ ನನ್ನ ಪಾಲಿಗೆ ಮೂರು ಚಮಚ ಸುಲಭವಾಗಿ ಬರುತ್ತಿತ್ತು. ಎಣ್ಣೆ ಅಳೆದು ಹಾಕುವಂತೆ ಅಮ್ಮನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಮಧ್ಯಾಹ್ನದ ಮುದ್ದೆಯನ್ನು ಬಿಡಲಿಲ್ಲ. ಸಂಜೆಯ ಅಭ್ಯಾಸಕ್ಕೆ ಶಕ್ತಿ ಬರುವುದು ಅಲ್ಲಿಂದಲೇ ಆದ್ದರಿಂದ ಅದನ್ನು ಉಳಿಸಿಕೊಂಡು ರಾತ್ರಿಯ ಅನ್ನವನ್ನು ಅರ್ಧ ಮಾಡಿದೆ. ಸ್ನಾಯು ಕರಗದಂತೆ ದೇಹತೂಕದ ಪ್ರತಿ ಕಿಲೋಗೆ 1.8 ಗ್ರಾಂ ಪ್ರೊಟೀನ್, ಅಂದರೆ ದಿನಕ್ಕೆ 120 ಗ್ರಾಂ, ಮೊಟ್ಟೆ, ಕೋಳಿ, ಹುರುಳಿ, ಮೊಸರಿನಿಂದ ತುಂಬಿಸಿದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಮಾತ್ರ ಇರುವುದರಿಂದ ನಿಜವಾಗಿ ಕಷ್ಟವಾದದ್ದು ಈ ಭಾಗವೇ, ಖರ್ಚೂ ಇಲ್ಲೇ.

ಎಂಟು ವಾರಕ್ಕೆ ತೂಕ 64.6ಕ್ಕೆ ಬಂತು. ಉಳಿದ ಒಂದು ಕಿಲೋ ಚಿಲ್ಲರೆಗೆ ನೀರನ್ನು ಮುಟ್ಟಲಿಲ್ಲ, ನಾರನ್ನು ಬಿಟ್ಟೆ. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 11 ಗ್ರಾಂ ನಾರಿದೆ; ಹುರುಳಿ, ಸೊಪ್ಪು ಸೇರಿದರೆ ಕರುಳಿನಲ್ಲಿ ಸದಾ ಒಂದಷ್ಟು ಭಾರ ಉಳಿದೇ ಇರುತ್ತದೆ. ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ ಎಂಬ ಮಾತಿನಲ್ಲಿ ನನಗೆ ಅನುಮಾನವಿಲ್ಲ, ಆದರೆ ಹಿಟ್ಟು ತಿಂದವನು ಮಾಪಕದ ಮೇಲೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತಾನೆ. ಕೊನೆಯ ಮೂರು ದಿನ ಮುದ್ದೆ, ಕಾಳು, ಸೊಪ್ಪಿನ ಬದಲು ಬಿಳಿ ಅನ್ನ, ಮೊಟ್ಟೆ, ಮೊಸರು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ ತಿಂದೆ. ಉಪ್ಪಿನಕಾಯಿ, ಉಪ್ಸಾರಿನ ಖಾರ ನಿಲ್ಲಿಸಿದೆ. ಪಿಷ್ಟ ಅಷ್ಟೇ ಇತ್ತು, ಹೊಟ್ಟೆಯ ಭಾರ ಮಾತ್ರ ಇಳಿಯಿತು. ಕೊನೆಯ ರಾತ್ರಿ 63.8 ಇದ್ದವನು ಬೆಳಿಗ್ಗೆ ಉಸಿರಿನಲ್ಲಿ, ಮೂತ್ರದಲ್ಲಿ ಸಹಜವಾಗಿ ಹೋಗುವಷ್ಟು ಹೋಗಿ 63.3ಕ್ಕೆ ಎದ್ದೆ. ಎರಡು ದಿನ ಮೊದಲಿನ ಬ್ಯಾಗ್ ಸಂಖ್ಯೆ 184.

ಆ ಸಲ ಎರಡು ದಿನ ಆಡಬೇಕಾಗಿತ್ತು, ಆಡುವ ಪ್ರತಿ ದಿನವೂ ಮತ್ತೆ ತೂಕ ಕೊಡಬೇಕಾಗಿತ್ತು. ಬೆವರಿಳಿಸಿದವರ ಕಷ್ಟ ಎರಡನೆಯ ಬೆಳಿಗ್ಗೆ ಕಾಣುತ್ತದೆ: ಮೊದಲ ದಿನ ಕುಡಿದು ಉಂಡದ್ದೆಲ್ಲ ಮಾಪಕದ ಮೇಲೆ ವಾಪಸ್ ಬಂದಿರುತ್ತದೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ದಿನ ನೂರು ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದದ್ದು ಇಂಥ ಎರಡನೆಯ ಬೆಳಗಿನ ತೂಕದಲ್ಲೇ. ನಾನು ಎರಡನೆಯ ದಿನ 63.4 ಇದ್ದೆ, ಒಂದು ಹನಿ ಬೆವರನ್ನೂ ಬೇಕೆಂದು ಸುರಿಸಲಿಲ್ಲ. ಪಂದ್ಯವನ್ನು ಅಲ್ಪ ಅಂತರದಲ್ಲಿ ಸೋತೆ, ಮೂರನೆಯ ಸುತ್ತನ್ನು ಮಾತ್ರ ತೀರ್ಪುಗಾರರೆಲ್ಲ ನನಗೇ ಕೊಟ್ಟಿದ್ದರು.

2025ರಲ್ಲಿ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆ ಪುರುಷರ ವಿಭಾಗಗಳನ್ನು ಹತ್ತಕ್ಕೆ ಇಳಿಸಿ, 50ರಿಂದ 90ರವರೆಗೆ ಐದೈದು ಕಿಲೋ ಅಂತರದಲ್ಲಿ, 90ರ ಮೇಲಿನವರಿಗೆ ಇನ್ನೊಂದರಂತೆ ಜೋಡಿಸಿತು. 63.5 ಮತ್ತು 67 ಎರಡೂ ಹೋಗಿ 65 ಮತ್ತು 70 ಬಂದಿವೆ. ಇದರಿಂದ ನನ್ನ ಹೋಲಿಕೆಯ ಒಂದು ಭಾಗ ತಲೆಕೆಳಗಾಗಿದೆ: ಇಳಿಸದೆ ಆಡುತ್ತೇನೆ ಎಂದರೆ ಈಗ 67 ಕಿಲೋದವನು 70ರಲ್ಲಿ, 73ರಿಂದ ಇಳಿದು ಬಂದವನ ಎದುರು ನಿಲ್ಲಬೇಕು. ಹಾಗೆಂದು ಬೆವರಿನ ದಾರಿಗೆ ಬೆಲೆ ಬಂದಿಲ್ಲ, ಏಕೆಂದರೆ 65ಕ್ಕೆ ಇಳಿಸಬೇಕಾದದ್ದು ಎರಡೇ ಕಿಲೋ. ಆರು ವಾರ ಎಣ್ಣೆ ಅಳೆದರೆ ಹೆಚ್ಚುಕಡಿಮೆ ಅಷ್ಟೂ ಹೋಗುತ್ತದೆ, ಮಿಕ್ಕದ್ದಕ್ಕೆ ಕೊನೆಯ ಮೂರು ದಿನದ ಬಿಳಿ ಅನ್ನವೇ ಸಾಕು. ಮುಂದಿನ ಪಂದ್ಯಕ್ಕೆ ಐದು ವಾರ ಇದೆ, ಇಂದಿನ ಬೆಳಗಿನ ತೂಕ 66.1.