ಆರ್ಬಿಟ್ರೇಷನ್ ಗುಟ್ಟು ಕೋರ್ಟ್ ಬಾಗಿಲವರೆಗೆ ಮಾತ್ರ

ಶಿರಸಿಯಲ್ಲಿ ನನ್ನದು ಅಡಿಕೆ, ಕಾಳುಮೆಣಸಿನ ಸಣ್ಣ ವ್ಯಾಪಾರ. ಒಂದು ದಿನ ಮಾರ್ಕೆಟ್ ಯಾರ್ಡಿನಲ್ಲಿ ಟೆಂಡರ್ ಬರೆಯುತ್ತಾ ನಿಂತಿದ್ದೆ. ಪಕ್ಕದ ವ್ಯಾಪಾರಿಯೊಬ್ಬರು ನಗುತ್ತಾ ಕೇಳಿದರು: "ಏನ ಭಾವಾ, ರಾಜ್‌ಕೋಟದ ಪಾರ್ಟಿಗೆ 45 ದಿನ ಉದ್ರಿ ಕೊಡ್ತ್ಯಡ, ಹೌದನ?"

ಪೆನ್ನು ಅಲ್ಲೇ ನಿಂತಿತು. ಆ 45 ದಿನದ ವಿಷಯ ಗೊತ್ತಿದ್ದದ್ದು ನನಗೆ, ನನ್ನ ಹಳೆ ಪಾಲುದಾರನಿಗೆ, ಮತ್ತೆ ಲೆಕ್ಕ ಬರೆಯುವವರಿಗೆ. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಆ ವ್ಯಾಪಾರಿ ಮುಚ್ಚುಮರೆ ಮಾಡದೆ ಮೊಬೈಲ್ ತೆಗೆದು ತೋರಿಸಿದರು. ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ, ನನ್ನ ಕೇಸಿನ ಆದೇಶದ ಪಿಡಿಎಫ್. ಮೂರನೇ ಪುಟದಲ್ಲಿ ನನ್ನ ಪಟ್ಟಿ: ಗಿರಾಕಿ ಯಾರು, ಚಾಲಿ ಅಡಿಕೆಗೆ ಎಷ್ಟು ದರ, ಎಷ್ಟು ಕಮಿಷನ್, ಎಷ್ಟು ದಿನ ಉದ್ರಿ. ಟೈಪ್ ಮಾಡುವಾಗ ಒಂದು ಕಡೆ ಕ್ವಿಂಟಲ್ ಎನ್ನುವಲ್ಲಿ ಅಕ್ಷರ ಬಿಟ್ಟಿದ್ದೆ. ಆದೇಶದಲ್ಲೂ ಆ ಅಕ್ಷರ ಇರಲಿಲ್ಲ.

ಇದು ಹೊರಗೆ ಬಿದ್ದದ್ದು ಯಾರಿಂದ? ನನ್ನಿಂದಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಾಲುದಾರಿಕೆ ಪತ್ರದಲ್ಲಿ ಜಗಳ ಬಂದರೆ ಆರ್ಬಿಟ್ರೇಷನ್ ಎಂದು ಬರೆದಿತ್ತು; ಅಂದರೆ ಕೋರ್ಟಿನ ಬದಲು ಆರ್ಬಿಟ್ರೇಟರ್ ಎನ್ನುವ ಖಾಸಗಿ ಮಧ್ಯಸ್ಥರು ತೀರ್ಪು ಹೇಳುವುದು. ನಾವಿಬ್ಬರೂ ಅದಕ್ಕೆ ಒಪ್ಪಿದ್ದೇ, ಊರಿನವರ ಬಾಯಿಗೆ ಬೀಳುವುದು ಬೇಡ ಎಂದು. ಜಗಳ ಬಂತು. ಪಾಲುದಾರ ಗೋದಾಮಿನ ಮಾಲನ್ನು ನಮ್ಮ ಗಿರಾಕಿಗಳಿಗೇ ಬೇರೆ ಹೆಸರಿನಲ್ಲಿ ಕಳಿಸುತ್ತಿದ್ದಾನೆ ಎಂದು ತಿಳಿಯಿತು. ಆರ್ಬಿಟ್ರೇಟರ್ ನೇಮಕ ಆಗುವ ತನಕ ಮಾಲು ಉಳಿಯಬೇಕಲ್ವಾ? 1996ರ ಆರ್ಬಿಟ್ರೇಷನ್ ಕಾಯ್ದೆಯ 9ನೇ ಸೆಕ್ಷನ್ ಕೆಳಗೆ ಮಧ್ಯಂತರ ಆದೇಶ ಕೇಳಬಹುದು. ಅದಕ್ಕೆ ಜಿಲ್ಲಾ ನ್ಯಾಯಾಲಯ ಬೇಕು. ಬೆಳಿಗ್ಗೆ ಎದ್ದು ದೇವಿಮನೆ ಘಟ್ಟ ಇಳಿದು, ಕುಮಟಾ ಮೇಲೆ ಕಾರವಾರಕ್ಕೆ ಹೋದೆವು. ವಕೀಲರು "ದಾಖಲೆ ಏನಿದೆ ಎಲ್ಲ ಕೊಡಿ" ಎಂದರು. ನಾನು ಎಲ್ಲವನ್ನೂ ಕೊಟ್ಟೆ. ನಂಬಿ, ಒಂದು ಪುಟವನ್ನೂ ತಿರುಗಿಸಿ ನೋಡಲಿಲ್ಲ.

ತಡೆಯಾಜ್ಞೆ ಸಿಕ್ಕಿತು. ಆ ದಿನ ಕಡಲ ತಡಿಯಲ್ಲಿ ಮೀನೂಟ ಮಾಡುವ ನಮ್ಮ ಡ್ರೈವರ್‌ಗೆ ಊಟ ಕೊಡಿಸಿ, ನಾನು ಮೊಸರನ್ನ ತಿಂದು ಖುಷಿಯಿಂದ ಘಟ್ಟ ಹತ್ತಿದೆ. ಯಾಕೆ ತಡೆ ಕೊಟ್ಟೆ ಎನ್ನುವುದಕ್ಕೆ ನ್ಯಾಯಾಲಯ ಕಾರಣ ಬರೆಯಲೇಬೇಕು. ಕಾರಣ ಎಂದರೆ ನಾನೇ ಕೊಟ್ಟ ಪಟ್ಟಿ. ನ್ಯಾಯಾಲಯದ್ದು ಇದರಲ್ಲಿ ಏನೂ ತಪ್ಪಿಲ್ಲ. ಇದನ್ನು ಗುಟ್ಟಾಗಿಡಿ ಎಂದು ನಾವು ಕೇಳಿಯೇ ಇರಲಿಲ್ಲ.

ಆಮೇಲೆ ವಕೀಲರನ್ನು ಕೇಳಿದರೆ "42ಎ ಇದೆಯಲ್ಲಾ" ಎಂದರು. ಹೌದು, ಇದೆ. ಅದೇ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್, 2019ರ ತಿದ್ದುಪಡಿಯಲ್ಲಿ ಬಂದದ್ದು. ನಾನು ಕೂತು ಓದಿದೆ. ಆರ್ಬಿಟ್ರೇಟರ್, ಆರ್ಬಿಟ್ರೇಷನ್ ಸಂಸ್ಥೆ, ಎರಡೂ ಪಕ್ಷದವರು ನಡೆದದ್ದನ್ನು ಗುಟ್ಟಾಗಿಡಬೇಕು; ಅವಾರ್ಡ್, ಅಂದರೆ ಆರ್ಬಿಟ್ರೇಟರ್ ಕೊಟ್ಟ ತೀರ್ಪು, ಜಾರಿಗೆ ಬೇಕಾದರೆ ಅದನ್ನು ಮಾತ್ರ ಹೊರಗೆ ತರಬಹುದು. ಅಷ್ಟೇ. ಸಾಕ್ಷಿ ಹೇಳುವವರು, ಲೆಕ್ಕದವರು, ಟೈಪ್ ಮಾಡುವವರು ಯಾರ ಹೆಸರೂ ಅಲ್ಲಿಲ್ಲ. ಮುರಿದರೆ ಏನು ಶಿಕ್ಷೆ, ಅದೂ ಇಲ್ಲ. ಕೋರ್ಟಿಗೆ ಹೋದ ಕಾಗದದ ಗತಿ ಏನು ಎನ್ನುವುದಂತೂ ಒಂದು ಸಾಲೂ ಇಲ್ಲ. 2017ರಲ್ಲಿ ಆರ್ಬಿಟ್ರೇಷನ್ ಸುಧಾರಣೆಗೆಂದು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ, ಅವಾರ್ಡನ್ನು ಪ್ರಶ್ನಿಸಲು ಕೋರ್ಟಿಗೆ ಹೋಗುವುದನ್ನೂ ವಿನಾಯಿತಿಯಲ್ಲಿ ಸೇರಿಸಿ ಎಂದಿತ್ತು. ಕಾಯ್ದೆ ಬರೆಯುವಾಗ ಅದು ಬಿಟ್ಟುಹೋಯಿತು. ಇಂಗ್ಲೆಂಡಿನಲ್ಲಿ ಆರ್ಬಿಟ್ರೇಷನ್ ಅರ್ಜಿಗಳನ್ನು ಸಾಮಾನ್ಯವಾಗಿ ಬಾಗಿಲು ಮುಚ್ಚಿಯೇ ಕೇಳುತ್ತಾರೆ. ನಮ್ಮಲ್ಲಿ ಕೋರ್ಟ್ ಎಂದರೆ ಬಾಗಿಲು ತೆರೆದೇ ಇರುವ ಜಾಗ. ನನ್ನ ವಿಷಯದಲ್ಲಂತೂ ಆರ್ಬಿಟ್ರೇಷನ್ ಶುರುವಾಗುವ ಮೊದಲೇ ಪಟ್ಟಿ ಹೊರಬಿದ್ದಾಗಿತ್ತು. 42ಎ ಹಿಡಿದು ಯಾರನ್ನು ಕೇಳಲಿ?

ಎರಡನೇ ಪೆಟ್ಟು ಅವಾರ್ಡ್ ಬಂದ ಮೇಲೆ. ಅವಾರ್ಡ್ ರದ್ದು ಮಾಡಿ ಎಂದು 34ನೇ ಸೆಕ್ಷನ್ ಅರ್ಜಿ ಹಾಕಲು ಮೂರು ತಿಂಗಳು ಸಮಯ, ಸರಿಯಾದ ಕಾರಣ ಇದ್ದರೆ ಇನ್ನು 30 ದಿನ. ಪಾಲುದಾರ ಕೊನೇ ವಾರದಲ್ಲಿ ಹಾಕಿದ. ಇದನ್ನು ಆರ್ಬಿಟ್ರೇಷನ್ ದಾಖಲೆಯ ಮೇಲೆಯೇ ತೀರ್ಮಾನಿಸಬೇಕು ಎನ್ನುವುದೂ 2019ರ ತಿದ್ದುಪಡಿಯೇ. ಹಾಗಾಗಿ ಕಟ್ಟು ಕಟ್ಟು ಕಾಗದ ಕೋರ್ಟಿಗೆ ಬಂತು. ನನ್ನ ಬ್ಯಾಂಕ್ ಖಾತೆ, ಅಮ್ಮನ ಹೆಸರಿನ ಬೆಳೆ ಸಾಲ, ಅಡ್ಡವಿಚಾರಣೆಯಲ್ಲಿ ನಾನು ಸಿಟ್ಟಿನಿಂದ ಹೇಳಿದ ಮಾತು, ಎಲ್ಲ. ಹೊರಗಿನವರೂ ಕಾರಣ ತೋರಿಸಿ ಅರ್ಜಿ ಹಾಕಿ, ಕೋರ್ಟ್ ಒಪ್ಪಿದರೆ ನಕಲು ತೆಗೆಯಬಹುದು.

ಈ ಸಲ ನಾನು ಸುಮ್ನೆ ಕೂರಲಿಲ್ಲ. ಹೊಸ ವಕೀಲರು ಮೊದಲ ದಿನವೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಸೆಕ್ಷನ್ ಕೆಳಗೆ ಅರ್ಜಿ ಕೊಟ್ಟರು: ಇಂತಿಂಥ ಹನ್ನೊಂದು ಪುಟ ಮುಚ್ಚಿದ ಲಕೋಟೆಯಲ್ಲಿ ಇರಲಿ, ಆದೇಶದಲ್ಲಿ ಗಿರಾಕಿ ಹೆಸರಿನ ಬದಲು ಎ, ಬಿ ಎಂದು ಬರೀ ಅಕ್ಷರ ಬರಲಿ ಎಂದು. "ಎಲ್ಲ ಮುಚ್ಚಿ" ಎಂದು ಕೇಳಿದರೆ ಯಾರೂ ಕೊಡುವುದಿಲ್ಲ, ಪುಟ ಹೇಳಿ, ಕಾರಣ ಹೇಳಿ ಕೇಳಬೇಕು ಎಂದರು. ಎದುರು ಪಕ್ಷ ಒಪ್ಪಲಿಲ್ಲ. ಕೊನೆಗೆ ಗಿರಾಕಿ ಪಟ್ಟಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಅಮ್ಮನ ಸಾಲ ಹಾಗೇ ಉಳಿಯಿತು.

ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಆರ್ಬಿಟ್ರೇಷನ್ ಇದ್ದರೆ ಮೊದಲ ಅರ್ಜಿಗೆ ಸಹಿ ಹಾಕುವ ಮುಂಚೆ ಲಗತ್ತುಗಳನ್ನು ನೀವೇ ಕೂತು ಓದಿ. ನನಗೆ ತಡೆಯಾಜ್ಞೆಗೆ ಗೋದಾಮಿನ ಸ್ಟಾಕ್ ಪುಸ್ತಕ, ಎರಡು ಲಾರಿ ರಸೀದಿ ಸಾಕಾಗುತ್ತಿತ್ತು. ದರ, ಉದ್ರಿ ಬೇಕೇ ಇರಲಿಲ್ಲ. ಆರ್ಬಿಟ್ರೇಟರ್ ಎದುರು ಮೊದಲ ಸಿಟ್ಟಿಂಗಿನಲ್ಲೇ ಗುಟ್ಟಿನ ಬಗ್ಗೆ ಲಿಖಿತ ಆದೇಶ ಕೇಳಿ, ಸಾಕ್ಷಿ, ಲೆಕ್ಕದವರು ಎಲ್ಲ ಅದರಲ್ಲಿ ಬರಲಿ. ದರದ ಅಂಕಿಗಳು ಅವಾರ್ಡಿನ ಒಳಗೆ ಬೇಡ, ಬೇರೆ ಅನುಬಂಧದಲ್ಲಿ ಇರಲಿ ಎಂದು ಆಗಲೇ ಹೇಳಿ. ನಾಳೆ ಜಾರಿಗೆ ಒಯ್ಯುವಾಗ ಆ ಅವಾರ್ಡೇ ಕೋರ್ಟಿಗೆ ಹೋಗುವುದು.

ಹಳೇ ಆದೇಶದಲ್ಲಿ ಪಟ್ಟಿ ಅಳಿಸಿ ಎಂದು ಕೊಟ್ಟ ಅರ್ಜಿ ಇನ್ನೂ ಬಾಕಿ ಇದೆ. ರಾಜ್‌ಕೋಟದವರು ಈಗ 60 ದಿನ ಕೇಳುತ್ತಿದ್ದಾರೆ. ನನ್ನ ಪಟ್ಟಿಯಲ್ಲೇ ಇನ್ನೊಬ್ಬ ಗಿರಾಕಿಗೆ 60 ಎಂದು ಬರೆದಿತ್ತು, ಅದನ್ನು ಅವರೂ ಓದಿದ್ದಾರೆ.