ಪಾರ್ಶ್ವವಾಯುವಿನ ನಂತರ ಸಂಗೀತ ಚಿಕಿತ್ಸೆ: ಅಮ್ಮನ ಜೊತೆ ಕುಳಿತು ಕಂಡ 24 ಅವಧಿಗಳು

ಪಾರ್ಶ್ವವಾಯು ಹೊಡೆದು ಅಮ್ಮನ ಬಲಗೈ ಸೋತು, ಮಾತು ನಿಂತುಹೋದ ಎರಡು ತಿಂಗಳ ನಂತರ ನಾವು ಬೆಂಗಳೂರಿನ ಒಂದು ಸಣ್ಣ ಸಂಗೀತ ಚಿಕಿತ್ಸಾ ಕೇಂದ್ರಕ್ಕೆ ಹೋಗತೊಡಗಿದೆವು. ವಾರಕ್ಕೆ ಎರಡು ಬಾರಿ, ಪ್ರತಿ ಸಲ 45 ನಿಮಿಷ, ಶುಲ್ಕ 900 ರೂಪಾಯಿ. ಹೀಗೆ ಮೂರು ತಿಂಗಳಲ್ಲಿ 24 ಅವಧಿಗಳು ಮುಗಿದಿವೆ. ಇಂಥ ರೋಗಿಗಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಬೇರೊಂದು ಕಡೆ ಹೋಗಿ ನಿರಾಶರಾಗಿದ್ದೆವು. ಅಲ್ಲಿ ಗೋಡೆಯ ಮೇಲೆ ಯಾವ ಕಾಯಿಲೆಗೆ ಯಾವ ರಾಗ ಎಂಬ ಪಟ್ಟಿಯಿತ್ತು. ರೋಗಿಗಳೆಲ್ಲರನ್ನೂ ಒಟ್ಟಿಗೆ ಮಲಗಿಸಿ ಧ್ವನಿಮುದ್ರಿಕೆ ಕೇಳಿಸುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಅಡ್ಡಿಯಿರಲಿಲ್ಲ. ಆದರೆ ಕೆಲವು ವಾರ ಕೇಳಿದ ಮೇಲೆ ರಕ್ತದೊತ್ತಡದ ಮಾತ್ರೆ ಕಡಿಮೆ ಮಾಡಬಹುದು ಎಂದಾಗ ನಾನು ಅಮ್ಮನನ್ನು ಕರೆದುಕೊಂಡು ಎದ್ದು ಬಂದೆ. ಒಮ್ಮೆ ಪಾರ್ಶ್ವವಾಯುವಾದವರಿಗೆ ಆ ಮಾತ್ರೆ ತಪ್ಪಿಸುವುದೆಂದರೆ ಮತ್ತೊಮ್ಮೆ ಅದನ್ನೇ ಕರೆದಂತೆ. ಸಂಗೀತವನ್ನು ಔಷಧಿಗೆ ಬದಲಿಯೆಂದು ಮಾರುವವರಿಂದ ಆ ಹೆಸರಿಗೇ ಕಳಂಕ ಬರುತ್ತಿದೆ.

ಈಗಿನ ಕೇಂದ್ರದ ಚಿಕಿತ್ಸಕಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು, ಕರ್ನಾಟಕ ಸಂಗೀತವನ್ನೂ ಕಲಿತವರು. ಮೊದಲ ದಿನ ಅವರು ಹಾಡಿಸಲಿಲ್ಲ, ಎಂ.ಆರ್.ಐ. ವರದಿ ಓದಿದರು, ಅಮ್ಮ ಮೊದಲು ಏನೇನು ಹಾಡುತ್ತಿದ್ದರು ಎಂದು ನನ್ನನ್ನು ವಿಚಾರಿಸಿದರು. ಆಮೇಲೆ ಶ್ರುತಿ ಪೆಟ್ಟಿಗೆ ಹಾಕಿ, ಅಮ್ಮನಿಗೆ ಬಾಲ್ಯದಿಂದ ಬಾಯಿಪಾಠವಾಗಿದ್ದ ಒಂದು ದೇವರನಾಮದ ಪಲ್ಲವಿಯನ್ನು ಎತ್ತಿಕೊಟ್ಟರು. ನೀರು ಎನ್ನಲೂ ಆಗದ ಅಮ್ಮ ಆ ಸಾಲನ್ನು ಪದಸಹಿತ ಹಾಡಿದಾಗ ನನ್ನ ಕಣ್ಣು ತುಂಬಿ ಬಂತು. ಆದರೆ ಚಿಕಿತ್ಸಕಿ ನನ್ನನ್ನು ಅಲ್ಲೇ ಎಚ್ಚರಿಸಿದರು: ಮಾತು ಬಿದ್ದವರಲ್ಲಿ ಹಲವರಿಗೆ ಹಳೆಯ ಹಾಡು ಉಳಿದಿರುತ್ತದೆ, ಅದು ಗುಣವಾದ ಲಕ್ಷಣವಲ್ಲ, ನಿಜವಾದ ಕೆಲಸ ಇನ್ನು ಮುಂದೆ ಇದೆ.

ಆ ಕೆಲಸದ ವಿಧಾನ 1973ರಲ್ಲಿ ಅಮೆರಿಕದ ಬಾಸ್ಟನ್‌ನ ತಜ್ಞರು ರೂಪಿಸಿದ್ದು. ದಿನಬಳಕೆಯ ಸಣ್ಣ ವಾಕ್ಯವೊಂದನ್ನು ಎರಡೇ ಸ್ವರಗಳಲ್ಲಿ ನಿಧಾನವಾಗಿ ಎಳೆದು ಹೇಳಿಸುತ್ತಾರೆ, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಮೇಜಿನ ಮೇಲೆ ತಟ್ಟಿಸುತ್ತಾರೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಕಡೆ ಸ್ವರ ಏರುತ್ತದೆ. ಕನ್ನಡದಲ್ಲಿ ಅಂಥ ಒತ್ತು ಇಲ್ಲದ್ದರಿಂದ ಇವರು ದೀರ್ಘಾಕ್ಷರಗಳನ್ನು ತುಸು ಮೇಲಿನ ಸ್ವರವಾದ ಸಾಧಾರಣ ಗಾಂಧಾರಕ್ಕೂ ಹ್ರಸ್ವಗಳನ್ನು ಆಧಾರ ಸ್ವರವಾದ ಷಡ್ಜಕ್ಕೂ ಹೊಂದಿಸಿಕೊಂಡಿದ್ದಾರೆ. "ನೀರು ಬೇಕು" ಎಂಬುದು ಹೀಗೆ ನಾಲ್ಕು ತಟ್ಟುಗಳ ಸಾಲಾಯಿತು. ವಾರಗಳು ಕಳೆದಂತೆ ಸ್ವರವನ್ನು ಸ್ವಲ್ಪಸ್ವಲ್ಪವೇ ಬಿಡಿಸಿ ಮಾತಿನ ಧಾಟಿಗೆ ತರುತ್ತಾರೆ. ನಮ್ಮ ಭಾಷೆಯ ನಡೆಯನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಮನೆಯಲ್ಲಿ ದಿನಕ್ಕೊಂದು ಗಂಟೆ ಅಮ್ಮನಿಗೆ ಇಷ್ಟವಾದ ಸಂಗೀತ ಕೇಳಿಸಲು ಹೇಳಿದ್ದಾರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾರ್ಶ್ವವಾಯುವಿನ ನಂತರ ತಮಗೆ ಇಷ್ಟವಾದ ಸಂಗೀತವನ್ನು ದಿನವೂ ಕೇಳಿದವರಲ್ಲಿ ಪದಗಳ ನೆನಪು ಮತ್ತು ಏಕಾಗ್ರತೆ ಹೆಚ್ಚು ಸುಧಾರಿಸಿದ್ದು ಕಂಡುಬಂದಿತ್ತು.

ಇಂದು ಅಮ್ಮ ಹನ್ನೊಂದು ವಾಕ್ಯಗಳನ್ನು ಯಾರ ನೆರವೂ ಇಲ್ಲದೆ ಹೇಳುತ್ತಾರೆ. ಆಸ್ಪತ್ರೆಯ ಸ್ಪೀಚ್ ಥೆರಪಿಯೂ ಜೊತೆಗೇ ನಡೆದಿರುವುದರಿಂದ ಇದೆಲ್ಲವೂ ಸಂಗೀತದ ಫಲವೆಂದು ಹೇಳಲಾರೆ. ಆದರೆ ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಮಾಡುವ ಅಮ್ಮ ಇಲ್ಲಿಗೆ ಹೊರಡುವ ದಿನ ತಾವೇ ಚಪ್ಪಲಿ ಹುಡುಕುತ್ತಾರೆ.

ಕೊರತೆಗಳೂ ಇವೆ. ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೈಕಾಲು ಸೋತವರೇ ಬರುವ ಜಾಗಕ್ಕೆ ಇದು ಸಲ್ಲದು. ಮನೆಯ ಅಭ್ಯಾಸದ ಹಾಳೆಯನ್ನು ಇಂಗ್ಲಿಷಿನಲ್ಲಿ ಕೊಡುತ್ತಾರೆ, ಅಮ್ಮನನ್ನು ಹಗಲಿಡೀ ನೋಡಿಕೊಳ್ಳುವ ಅತ್ತಿಗೆಗೆ ನಾನೇ ಕನ್ನಡದಲ್ಲಿ ಬರೆದುಕೊಡಬೇಕಾಯಿತು. ನಮ್ಮ ವಿಮೆಯಲ್ಲಿ ಈ ಖರ್ಚು ಸೇರುವುದಿಲ್ಲ, 24 ಅವಧಿಗಳಿಗೆ 21,600 ರೂಪಾಯಿ ಕೈಯಿಂದಲೇ ಹೋಗಿದೆ. ಹಾಗಿದ್ದರೂ ನರರೋಗ ತಜ್ಞರನ್ನು ಕೇಳಿಯೇ ಇನ್ನೂ 12 ಅವಧಿಗಳಿಗೆ ಹೆಸರು ಬರೆಸಿದ್ದೇವೆ. ಮುಂದೆ ಕಲಿಯಬೇಕಾದ ಮಾತುಗಳ ಪಟ್ಟಿಗೆ ಅಮ್ಮ ಬೆರಳು ಮಾಡಿ ತೋರಿಸಿ ಸೇರಿಸಿರುವುದು ಮೊಮ್ಮಗಳ ಹೆಸರು.